ಮುನ್ನೂರು ಸಹಿ, ಒಂದೇ ಅರ್ಜಿ

ಹಾಲಿನ ಡೇರಿಯ ಕಾರ್ಯದರ್ಶಿ ಮೊದಲ ಸಲ ಆ ಕಾಗದ ಹಿಡಿದುಕೊಂಡು ಬಂದಾಗ ನಾನೊಂದು ಬಾಡಿಗೆ ಕರಾರುಪತ್ರ ಟೈಪ್ ಮಾಡುತ್ತಿದ್ದೆ. ಶಿವಾಜಿನಗರ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದು ಟೈಪಿಂಗ್ ಅಂಗಡಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ, ಮೂಲೆಯಲ್ಲಿ ಈಗ ಯಾರೂ ಮುಟ್ಟದ ನನ್ನ ಹಳೆಯ ಕನ್ನಡ ಟೈಪ್‌ರೈಟರ್. ಮನೆಯಲ್ಲಿ ದಖನಿ ಮಾತಾಡುವ ನಾನು ಕನ್ನಡದಲ್ಲಿ ಅರ್ಜಿ ಬರೆದರೆ ಅದು ವಾಪಸ್ ಬರುವುದಿಲ್ಲ ಎಂಬ ಹೆಸರು ಓಣಿಯಲ್ಲಿತ್ತು. ಆ ಹೆಸರು ನನ್ನ ತಲೆಗೂ ಸ್ವಲ್ಪ ಏರಿತ್ತು.

ಕಾರ್ಯದರ್ಶಿಯ ಊರು ಕೆ.ಆರ್. ಪುರ ದಾಟಿ ಇನ್ನೂ ಒಂದು ಬಸ್ ಬದಲಿಸಿ ಹೋಗಬೇಕಾದ ಕಡೆ. ಅಲ್ಲಿನ ಮಹಿಳಾ ಡೇರಿಯ ಲೆಕ್ಕಪತ್ರ, ಓಡಾಟ ಎಲ್ಲ ಆಕೆಯದೇ. ಹಿಂದೊಮ್ಮೆ ಡೇರಿಗೆ ಕರೆಂಟಿನ ಅರ್ಜಿಯನ್ನು ನಾನೇ ಬರೆದುಕೊಟ್ಟಿದ್ದೆ. ಒಂದೇ ಏಟಿಗೆ ಮಂಜೂರಾಗಿತ್ತು.

"ಸಾಬ್ರೇ, ಇದನ್ನ ಓದಿ ಹೇಳಿ. ನಮ್ ಕೆರೆಗೆ ಬೇಲಿ ಹಾಕ್ತಾರಂತೆ" ಎಂದು ಆಕೆ ಮಡಚಿದ ಕಾಗದ ಮುಂದಿಟ್ಟಳು.

ಓದಿದೆ. ನಗರದ ಪೂರ್ವಕ್ಕಿರುವ ಕೆರೆಗಳ ಉಸ್ತುವಾರಿಗೆ ಹೊಸ ಕರಡು ನಿಯಮಗಳು. ಆರನೆಯ ನಿಯಮ ಹೀಗಿತ್ತು: ಕೆರೆಯಂಗಳದಲ್ಲಿ ಹುಲ್ಲು ಕೊಯ್ಯುವುದು ಯಾವ ಕಟ್ಟುಪಾಡೂ ಇಲ್ಲದೆ ನಡೆಯುತ್ತಿರುವುದರಿಂದ ಅದನ್ನು ನಿಷೇಧಿಸಲಾಗುವುದು. ಸುತ್ತ ಬೇಲಿ, ಒಂದು ಗೇಟು, ವಾಯುವಿಹಾರಕ್ಕೆ ಬರುವವರಿಗೆ ಬೆಳಿಗ್ಗೆ ಸಂಜೆ ಪ್ರವೇಶ. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಲಿಖಿತವಾಗಿ ಸಲ್ಲಿಸಬೇಕು. ಆರು ದಿನ ಆಗಲೇ ಕಳೆದಿತ್ತು.

"ನಮ್ಮೂರಲ್ಲಿ ಹಸು ಕಟ್ಟಿರೋ ಹೆಂಗಸ್ರಲ್ಲಿ ಮುಕ್ಕಾಲುಪಾಲಿಗೆ ಒಂದ್ ಗುಂಟೆ ಜಮೀನೂ ಇಲ್ಲ" ಎಂದಳು ಕಾರ್ಯದರ್ಶಿ. "ಬೇಸಿಗೇಲಿ ಹಸಿರು ಅಂತ ಇರೋದೇ ಕೆರೆ ಒಳಗೆ. ಹುಲ್ಲು ನಿಂತ್ರೆ ಹಸು ಮಾರ್ಬೇಕು ಸಾಬ್ರೇ. ದಲ್ಲಾಳಿ ಆಗ್ಲೇ ತಿರುಗ್ತಾವ್ನೆ. ಎರಡು ಮನೆಯೋರು ಕೊಟ್ಟೂಬಿಟ್ರು."

ನನಗೆ ಹುರುಪು ಬಂತು. ಬಾಡಿಗೆ ಕರಾರುಪತ್ರವನ್ನು ಬದಿಗಿಟ್ಟು, ಆ ಮಧ್ಯಾಹ್ನವೇ ಕೂತು ಒಂದೂವರೆ ಪುಟದ ಆಕ್ಷೇಪಣೆ ಬರೆದೆ. ಏನು ಬರವಣಿಗೆ ಅಂತೀರಿ! "ಪ್ರಸ್ತಾಪಿತ ನಿಯಮವು ಅರ್ಜಿದಾರರ ಜೀವನೋಪಾಯಕ್ಕೆ ತೀವ್ರ ಧಕ್ಕೆಯನ್ನುಂಟುಮಾಡುವುದಲ್ಲದೆ..." ಎಂದು ಶುರುವಾಗಿ, ಉಸಿರು ತೆಗೆದುಕೊಳ್ಳಲು ಜಾಗ ಕೊಡದೆ, "ಪ್ರಾರ್ಥನೆ" ಎಂಬಲ್ಲಿ ಮುಗಿಯುತ್ತಿತ್ತು. ಹೆಸರಿಗೆ, ವಿಳಾಸಕ್ಕೆ, ಹಸುಗಳ ಸಂಖ್ಯೆಗೆ ಖಾಲಿ ಜಾಗ ಬಿಟ್ಟೆ. ಜೆರಾಕ್ಸ್ ತೆಗೆದು ಕಟ್ಟು ಕಟ್ಟಿ ಕೊಟ್ಟೆ. ನಮ್ಮ ಕಸುಬಿನ ಪದ್ಧತಿಯೇ ಅದು. ಒಂದು ಒಳ್ಳೆಯ ಕರಡು ಕೈಗೆ ಸಿಕ್ಕರೆ ಊರಿಗೆಲ್ಲ ಅದೇ.

ಒಂದು ವಾರದಲ್ಲಿ ಕಟ್ಟು ವಾಪಸ್ ಬಂತು. ಸುತ್ತಲಿನ ಮೂರು ಹಳ್ಳಿಗಳಿಂದ ಮುನ್ನೂರಕ್ಕೂ ಮೇಲ್ಪಟ್ಟು ಸಹಿ, ಹೆಬ್ಬೆಟ್ಟು. ಹಲಸೂರಿನ ಹತ್ತಿರದ ಕೆರೆ ಉಸ್ತುವಾರಿಯ ಕಚೇರಿಗೆ ನಾನೇ ಹೊತ್ತುಕೊಂಡು ಹೋಗಿ, ಟಪಾಲು ವಿಭಾಗದಲ್ಲಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದೆ. ಗೆದ್ದೆ ಅಂದುಕೊಂಡು ಬರುವ ದಾರಿಯಲ್ಲಿ ಒಂದು ಸುಲೈಮಾನಿ ಚಹಾ ಕುಡಿದೆ.

ನಾಲ್ಕು ದಿನ ಬಿಟ್ಟು ಬೇರೆ ಕೆಲಸಕ್ಕೆ ಆ ಕಡೆ ಹೋದವನು ಸುಮ್ಮನೆ ವಿಚಾರಿಸೋಣವೆಂದು ಒಳಗೆ ಹೋದೆ. ಅಲ್ಲಿನ ಸೂಪರಿಂಟೆಂಡೆಂಟ್ ನಿವೃತ್ತಿಯ ಅಂಚಿನ ಮನುಷ್ಯ, ಮುಖದಲ್ಲಿ ನಗು ಕಡಿಮೆ. ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಒಂದೇ ನಮೂನೆಯ ಆಕ್ಷೇಪಣೆ. ಸಂಖ್ಯೆ: ಒಂದು."

"ಸಾರ್, ಮುನ್ನೂರು ಜನ ಸಹಿ ಮಾಡಿದ್ದಾರೆ!"

"ಸಹಿ ಮುನ್ನೂರು ರೀ. ಆಕ್ಷೇಪಣೆ ಒಂದೇ. ಮಾತು ಬದಲಾಗ್ದೇ ಇದ್ರೆ ಒಂದು ಅಂತಾನೇ ಲೆಕ್ಕ. ನಾನು ಮಾಡಿದ ನಿಯಮ ಅಲ್ಲ ಇದು." ಕನ್ನಡಕ ತೆಗೆದು ಒರೆಸಿಕೊಂಡರು. "ಕೆರೆ ಪಕ್ಕದ ಅಪಾರ್ಟ್‌ಮೆಂಟಿನವ್ರು ಬೇಲಿ ಬೇಕು ಅಂತ ಮೇಲ್ ಕಳ್ಸಿದ್ದಾರೆ. ಒಬ್ಬೊಬ್ರೂ ಅವರವರ ಮಾತಲ್ಲಿ ಬರ್ದಿದ್ದಾರೆ. ಅವೆಲ್ಲ ಬೇರೆ ಬೇರೆ ನಂಬರ್."

ಅಪಾರ್ಟ್‌ಮೆಂಟಿನವರನ್ನು ದೂರಲು ನನಗೆ ಕಾರಣವಿರಲಿಲ್ಲ. ಮಕ್ಕಳು ನೀರಿಗೆ ಬೀಳಬಾರದು, ಲಾರಿಯವರು ಕಸ ಸುರಿಯಬಾರದು ಎಂದು ಅವರು ಕೇಳಿದ್ದರು. ತಪ್ಪು ನನ್ನದು. ಮುನ್ನೂರು ಬಾಯಿಗಳಿಗೆ ನಾನೇ ಒಂದು ಬೀಗ ಹಾಕಿ, ಬೀಗ ಎಷ್ಟು ಚೆನ್ನಾಗಿದೆ ನೋಡಿ ಎಂದು ಬೀಗಿದ್ದೆ. ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಇನ್ನೊಂದು ಪೆಟ್ಟು ಬಾಕಿ ಇತ್ತು. ಆಕ್ಷೇಪಣೆ ಕೇಳುವ ಅಹವಾಲು ಸಭೆಯನ್ನು ಇಂದಿರಾನಗರದ ಒಂದು ಸಭಾಂಗಣದಲ್ಲಿ ಸಂಜೆ ನಾಲ್ಕೂವರೆಗೆ ಇಟ್ಟಿದ್ದರು. ಸಂಜೆ ಐದು ಹಾಲು ಕರೆಯುವ ಹೊತ್ತು. ಆರಕ್ಕೆ ಡೇರಿಗೆ ಹಾಲು ಬೀಳಬೇಕು. ಹಸು ಕಟ್ಟಿದ ಯಾವ ಹೆಂಗಸೂ ನಾಲ್ಕೂವರೆಗೆ ಇಂದಿರಾನಗರದಲ್ಲಿ ಇರಲು ಸಾಧ್ಯವಿಲ್ಲ. ಇದನ್ನು ಸೂಪರಿಂಟೆಂಡೆಂಟರಿಗೆ ಹೇಳಿದೆ. ಅವರು ಫೈಲಿನ ದಾರ ಕಟ್ಟತೊಡಗಿದರು.

"ಒಂದು ಆಕ್ಷೇಪಣೆಗೆ ಒಂದು ನೋಟಿಸ್ ಹೋಗತ್ತೆ ರೀ" ಎಂದರು, ನನ್ನ ಮುಖ ನೋಡದೆ. "ನೂರು ಆಕ್ಷೇಪಣೆ ಬಂದ್ರೆ ನೂರು ನೋಟಿಸ್. ನೂರು ಜನರ ಮಾತು ಕೇಳೋಕೆ ಸಂಜೆ ಒಂದೂವರೆ ಗಂಟೆ ಸಾಲಲ್ಲ. ಬೆಳಿಗ್ಗೆಯಿಂದ ಇಟ್ಕೊಬೇಕಾಗತ್ತೆ. ನಾನೇನೂ ಹೇಳ್ಲಿಲ್ಲ."

ಉಳಿದದ್ದು ಹದಿಮೂರು ದಿನ. ಅಲ್ಲಿಂದಲೇ ಕಾರ್ಯದರ್ಶಿಗೆ ಫೋನ್ ಮಾಡಿ, ನನ್ನ ಅರ್ಜಿ ಕೆಲಸಕ್ಕೆ ಬರಲಿಲ್ಲ, ನಾಳೆಯಿಂದ ನಾನೇ ಬಂದು ಒಬ್ಬೊಬ್ಬರ ಮಾತನ್ನೂ ಬರೆದುಕೊಳ್ಳುತ್ತೇನೆ ಎಂದೆ. "ಬೆಳಿಗ್ಗೆ ಆರಕ್ಕೇ ಬನ್ನಿ ಸಾಬ್ರೇ, ಹಾಲಿನ ಸಾಲಲ್ಲೇ ಎಲ್ರೂ ಸಿಕ್ತಾರೆ" ಎಂದಳು.

ಮನೆಯಲ್ಲಿ ಹೆಂಡತಿ ನನ್ನ ಡಬ್ಬಿ ಕಟ್ಟುತ್ತ, "ದುಕಾನ್ ಬಂದ್ ಕರ್ಕೊ ಘಾಂಸ್ ಕಾಟ್ನೆ ಜಾರೈಂ ಕ್ಯಾ?" ಅಂದಳು. ಅಂಗಡಿ ಮುಚ್ಚಿ ಹುಲ್ಲು ಕೊಯ್ಯಲು ಹೊರಟಿರಾ ಎಂದು. ಹೌದು ಎಂದೆ. ಅವಳು ಇನ್ನೆರಡು ರೊಟ್ಟಿ ಹೆಚ್ಚಿಗೆ ಹಾಕಿದಳು.

ಡೇರಿಯ ಹೊಸಿಲ ಪಕ್ಕ ಒಂದು ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಕ್ಯಾನು ಹಿಡಿದ ಹೆಂಗಸರು ಸಾಲಿನಲ್ಲಿ ನಿಂತಿದ್ದರು. ಒಳಗೆ ಕಾರ್ಯದರ್ಶಿ ಹಾಲಿನ ಫ್ಯಾಟು ನೋಡಿ ಚೀಟಿ ಬರೆದುಕೊಡುತ್ತಿದ್ದಳು. ಚೀಟಿ ಪಡೆದವರು ನನ್ನ ಮುಂದೆ ಬರಬೇಕು, ತಮ್ಮ ಆಕ್ಷೇಪಣೆ ಹೇಳಬೇಕು, ನಾನು ಟೈಪ್ ಮಾಡಬೇಕು. ಇದು ನನ್ನ ಏರ್ಪಾಟು.

ಮೊದಲನೆಯಾಕೆ ಬಂದು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. "ಜೀವನೋಪಾಯಕ್ಕೆ ತೀವ್ರ ಧಕ್ಕೆ ಆಯ್ತದೆ" ಎಂದಳು.

ಎರಡನೆಯಾಕೆಯೂ ಅದನ್ನೇ ಹೇಳಿದಳು. ಮೂರನೆಯಾಕೆ ಧಕ್ಕೆಯ ಜೊತೆ "ಪ್ರಾರ್ಥನೆ"ಯನ್ನೂ ಸೇರಿಸಿದಳು. ಸಹಿ ಹಾಕಿಸುವಾಗ ಕಾರ್ಯದರ್ಶಿ ನನ್ನ ಅರ್ಜಿಯನ್ನು ಎಲ್ಲರಿಗೂ ಓದಿ ಹೇಳಿದ್ದಳಂತೆ. ಅದು ಸಾಬರು ಬರೆದ ಮಾತು, ಸರ್ಕಾರಕ್ಕೆ ತಿಳಿಯುವ ಮಾತು, ನಮ್ಮ ಮಾತು ಅಲ್ಲಿ ನಡೆಯುವುದಿಲ್ಲ ಎಂದು ಅವರು ತೀರ್ಮಾನಿಸಿ ಅದನ್ನೇ ಬಾಯಿಪಾಠ ಮಾಡಿಕೊಂಡಿದ್ದರು. ನಾನು "ನಿಮ್ಮ ಮಾತಲ್ಲೇ ಹೇಳಿ ತಾಯಿ" ಎಂದಷ್ಟೂ ಅವರು ನನ್ನ ಮಾತನ್ನೇ ಹುಡುಕುತ್ತಿದ್ದರು. ಎರಡು ಬೆಳಿಗ್ಗೆ ಹೀಗೇ ಹೋಯಿತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನಲು ನನಗೆ ಮೀಸೆಯೂ ಉಳಿದಿರಲಿಲ್ಲ.

ಎರಡನೆಯ ದಿನ ಸಾಲಿನ ಕೊನೆಯಲ್ಲಿದ್ದ ಒಬ್ಬ ಹಿರಿಯಮ್ಮ ನನ್ನನ್ನು ನೋಡಿ ನಕ್ಕರು. ಅರವತ್ತು ದಾಟಿದ ಗಂಡನಿಲ್ಲದ ಹೆಣ್ಣುಮಗಳು, ಕಟ್ಟಿದ್ದು ಎರಡೇ ಹಸು. ಅದರಲ್ಲಿ ಒಂದು ಐದು ತಿಂಗಳ ಗಬ್ಬ. ಅದರ ಮೇಲೆಯೇ ದಲ್ಲಾಳಿಯ ಕಣ್ಣು.

"ಸಾಬ್ರೇ, ಇಲ್ಲಿ ಕುಂತ್ಕಂಡು ಹುಲ್ಲಿನ್ ವಿಸ್ಯ ಕೇಳಿದ್ರೆ ಯಾರೇನು ಹೇಳಾಕಾಯ್ತದೆ? ಕೆರೆಗ್ ಬನ್ನಿ."

ಲ್ಯಾಪ್‌ಟಾಪನ್ನು ಕಾರ್ಯದರ್ಶಿಯ ಹತ್ತಿರ ಬಿಟ್ಟು, ಒಂದು ನೋಟುಪುಸ್ತಕ ಹಿಡಿದು ಅವರ ಹಿಂದೆ ಹೋದೆ. ಏರಿ ಇಳಿದು ಕೆರೆಯಂಗಳಕ್ಕೆ ಕಾಲಿಟ್ಟಾಗ ನನಗೆ ಕಂಡದ್ದು ಬರೀ ಹುಲ್ಲು. ಹಿರಿಯಮ್ಮ ಕುಡುಗೋಲಿನ ತುದಿಯಿಂದ ಒಂದು ಸುಣ್ಣ ಹಚ್ಚಿದ ಕಲ್ಲು ತೋರಿಸಿದರು. ಮುಂದೆ ಇನ್ನೊಂದು. ಎರಡು ಕಲ್ಲಿನ ನಡುವಿನ ಪಟ್ಟೆ ಒಂದು ಮನೆಯದು. ಯಾರೂ ಇನ್ನೊಬ್ಬರ ಪಟ್ಟೆಗೆ ಕುಡುಗೋಲು ಹಾಕುವಂತಿಲ್ಲ.

"ಮತ್ತೆ ನೀರು ಏರಿ ಪಟ್ಟೆ ಮುಳುಗಿದ್ರೆ?" ಎಂದೆ.

"ಪಕ್ಕದೋರ್ ಪಟ್ಟೇಲಿ ಅರ್ಧ."

"ಯಾರು ಮೊದಲು ಕೊಯ್ಯೋದು?"

"ಕರು ಹಾಕಿದ ಮನೆ. ಹಸ ಕರು ಹಾಕಿದ್ರೆ ಇಪ್ಪತ್ತೊಂದು ದಿನ ಅವ್ರೇ ಮೊದ್ಲು. ಎಳೇ ಹುಲ್ಲು ಅವ್ರ್ದು. ಅವರ ಹೊರೆ ಎದ್ದ ಮೇಲೇ ಮಿಕ್ಕೋರು ಇಳಿಯೋದು. ನಮ್ಮತ್ತೆ ಕಾಲದಿಂದ ಹಂಗೇ." ಆಮೇಲೆ ದೂರದ ಜೊಂಡಿನ ಕಡೆ ಕೈ ತೋರಿದರು. "ಅಲ್ಲಿಗೆ ಮಳೆಗಾಲದಾಗೆ ಯಾರೂ ಹೋಗಂಗಿಲ್ಲ. ನೀರುಕೋಳಿ ಮೊಟ್ಟೆ ಇಕ್ಕಿರ್ತದೆ. ಮರಿ ನೀರಿಗ್ ಇಳಿಯೋಗಂಟ ಜೊಂಡು ಮುಟ್ಟಂಗಿಲ್ಲ."

ನಾನು ಅಲ್ಲೇ ನಿಂತುಬಿಟ್ಟೆ. "ಯಾವ ಕಟ್ಟುಪಾಡೂ ಇಲ್ಲದೆ" ಎಂದು ಕರಡು ನಿಯಮ ಹೇಳಿತ್ತು. ನನ್ನ ಒಂದೂವರೆ ಪುಟದ ಪಾಂಡಿತ್ಯದಲ್ಲಿ ಆ ಮಾತಿಗೆ ಒಂದಕ್ಷರ ಉತ್ತರವಿರಲಿಲ್ಲ. ಉತ್ತರವೆಲ್ಲ ಇಲ್ಲಿ, ಸುಣ್ಣ ಹಚ್ಚಿದ ಕಲ್ಲುಗಳ ನಡುವೆ ಬಿದ್ದಿತ್ತು. ಯಾರೂ ಹೇಳಿರಲಿಲ್ಲ, ಏಕೆಂದರೆ ನಾನು ಕೇಳಿರಲಿಲ್ಲ.

ಆ ಬೆಳಿಗ್ಗೆಯೇ ನಿರ್ಧಾರ ಮಾಡಿದೆ. ನನ್ನ ಹಳೆಯ ಅರ್ಜಿಯನ್ನು ಪೂರ್ತಿ ಮರೆಯಬೇಕು. ಇನ್ನು ಮೇಲೆ ಆಕ್ಷೇಪಣೆ ಏನು ಎಂದು ಯಾರನ್ನೂ ಕೇಳಬಾರದು. ನಿಮ್ಮ ಪಟ್ಟೆ ಯಾವುದು, ಅದರ ಎಲ್ಲೆ ಎಲ್ಲಿ, ಹೋದ ಬೇಸಿಗೆಯಲ್ಲಿ ವಾರಕ್ಕೆ ಎಷ್ಟು ಹೊರೆ ಸಿಕ್ಕಿತು, ಯಾರ ಹಸು ಕರು ಹಾಕಿದಾಗ ನೀವು ಕಾದಿರಿ, ಇಷ್ಟನ್ನೇ ಕೇಳಬೇಕು. ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು. ಮುನ್ನೂರು ಜನರನ್ನೂ ಮುಟ್ಟಲು ಆಗುವುದಿಲ್ಲ, ಉಳಿದ ದಿನಗಳಲ್ಲಿ ನೂರಾದರೆ ಸಾಕು. ಉಳಿದವರಿಗೆ ಕಾರ್ಯದರ್ಶಿ ಸಮಾಧಾನ ಹೇಳಬೇಕು. "ಅದು ನನ್ ತಲೆನೋವು, ನೀವ್ ಬರೀರಿ" ಎಂದಳು ಆಕೆ.

ಹೇಳಿದ ಹಾಗೆ ಬರೆಯುವುದು ಸುಲಭವೆಂದು ಬರೆಯದವರು ಅಂದುಕೊಳ್ಳುತ್ತಾರೆ. ಒಬ್ಬಾಕೆ "ನನ್ ಪಟ್ಟೆ ಹುಣಸೇಮರದ ನೆಳ್ಳು ಬೀಳೋಗಂಟ" ಅಂದರೆ ನನ್ನ ಬೆರಳು ತಾನೇ ತಾನಾಗಿ "ಹುಣಸೆ ಮರದ ಪೂರ್ವಕ್ಕೆ ಹೊಂದಿಕೊಂಡಂತೆ" ಎಂದು ಟೈಪ್ ಮಾಡುತ್ತಿತ್ತು. ಅಳಿಸುತ್ತಿದ್ದೆ. ಮತ್ತೆ ಟೈಪ್ ಮಾಡುತ್ತಿದ್ದೆ. ಪ್ರತಿಯೊಂದನ್ನೂ ಗಟ್ಟಿಯಾಗಿ ಓದಿ ಹೇಳುವುದು, ಆಕೆ ಹೂಂ ಅಂದ ಮೇಲೆಯೇ ಸಹಿ. ಮೊದಮೊದಲು ನಾನು ಓದಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದವರು ನಾಲ್ಕನೆಯ ದಿನದಿಂದ ತಪ್ಪು ಹಿಡಿಯತೊಡಗಿದರು. "ಹಂಗಲ್ಲ ಸಾಬ್ರೇ, ನಾನ್ ಅಂದಿದ್ದು ಬರೀ ಹುಲ್ಲೇ ಹತ್ತು ಹೊರೆ ಅಂತಲ್ಲ, ಹೊಂಗೇ ಸೊಪ್ಪು ಸೇರಿ ಹತ್ತು." ಸಾಲಿನಲ್ಲಿದ್ದವರು ನಗುತ್ತಿದ್ದರು. ನಾನು ತಿದ್ದುತ್ತಿದ್ದೆ. ಬೆಳಿಗ್ಗೆ ಆರರಿಂದ ಒಂಬತ್ತು ಡೇರಿ, ಆಮೇಲೆ ಕೆರೆ, ಮಧ್ಯಾಹ್ನ ಅಂಗಡಿಗೆ ಬಂದು ಮುದ್ರಣ, ಮರುದಿನ ಡೇರಿಯಲ್ಲಿ ಸಹಿ. ಗಿರಾಕಿಗಳು ಬೈದುಕೊಂಡು ಪಕ್ಕದ ಅಂಗಡಿಗೆ ಹೋದರು. ಹೋಗಲಿ ಎಂದೆ.

ಕೊನೆಯ ದಿನ ಮೂರು ಗಂಟೆಗೆ ನೂರಾ ನಾಲ್ಕು ಆಕ್ಷೇಪಣೆಗಳನ್ನು ಟಪಾಲು ವಿಭಾಗದ ಮೇಜಿನ ಮೇಲಿಟ್ಟೆ. ಒಂದರಂತೆ ಇನ್ನೊಂದಿರಲಿಲ್ಲ. ಸೂಪರಿಂಟೆಂಡೆಂಟ್ ಎದ್ದು ಬಂದು ಮೇಲಿನ ಹತ್ತನ್ನು ಓದಿದರು. ಪೂರ್ತಿ ಓದಿದರು.

"ನಂಬರ್ ಹಾಕ್ರಿ" ಎಂದು ಗುಮಾಸ್ತನಿಗೆ ಹೇಳಿದರು. "ಎಲ್ಲಕ್ಕೂ ಬೇರೆ ಬೇರೆ."

ಹತ್ತು ದಿನದಲ್ಲಿ ನೂರಾ ನಾಲ್ಕು ನೋಟಿಸು ಊರಿಗೆ ಬಂದವು. ಸಭೆಯ ಹೊತ್ತು ಬೆಳಿಗ್ಗೆ ಹತ್ತೂವರೆ ಎಂದು ಬದಲಾಗಿತ್ತು.

ಆ ದಿನ ಡೇರಿಗೆ ಹಾಲು ಹಾಕಿ ಅರವತ್ತಕ್ಕೂ ಹೆಚ್ಚು ಹೆಂಗಸರು ಕೆ.ಆರ್. ಪುರದ ಮೆಟ್ರೋ ನಿಲ್ದಾಣಕ್ಕೆ ಬಂದರು. ಅಲ್ಲಿ ಒಂದು ಎಡವಟ್ಟಾಯಿತು. ತಪಾಸಣೆಯ ಯಂತ್ರದಲ್ಲಿ ಹಿರಿಯಮ್ಮನ ಚೀಲದೊಳಗೆ ಕುಡುಗೋಲು ಕಾಣಿಸಿತು. ಕಾವಲಿನವಳು ಗಾಬರಿಯಾಗಿ ಚೀಲ ಎತ್ತಿ ಹಿಡಿದಳು.

"ಅಮ್ಮಾ, ಇದನ್ನೆಲ್ಲ ತರಂಗಿಲ್ಲ!"

"ವಾಪಸ್ ಬರ್ತಾ ಹುಲ್ಲು ಕೊಯ್ಕಂಡು ಹೋಗ್ಬೇಕಲ್ಲವ್ವ? ಹಸ ಏನ್ ಮೆಟ್ರೋ ನೋಡ್ಕಂಡು ಕುಂತಿರ್ತದಾ?"

ವಿಚಾರಿಸಿದರೆ ಇನ್ನೂ ಏಳೆಂಟು ಚೀಲಗಳಲ್ಲಿ ಕುಡುಗೋಲಿದ್ದವು. ಕುಡುಗೋಲಿಲ್ಲದೆ ಮನೆ ಬಿಡುವ ಅಭ್ಯಾಸವೇ ಅವರಿಗಿರಲಿಲ್ಲ, ಹೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಕೊನೆಗೆ ಮೆಟ್ಟಿಲ ಕೆಳಗಿನ ಹೂವಿನವಳ ಬುಟ್ಟಿಯಡಿ ಎಲ್ಲವನ್ನೂ ಗೋಣಿಯಲ್ಲಿ ಸುತ್ತಿಟ್ಟು ಹತ್ತಿದೆವು. ಹತ್ತೂವರೆಗೆ ಐದು ನಿಮಿಷವಿರುವಾಗ ಸಭಾಂಗಣ ಮುಟ್ಟಿದೆವು.

ಅಧಿಕಾರಿ ನಲವತ್ತರ ಆಸುಪಾಸಿನ ಹೆಣ್ಣುಮಗಳು. ನಂಬರಿನ ಪ್ರಕಾರ ಕರೆದರು. ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ. ಮೊದಲ ಮೂವರು ಮೈಕು ನೋಡಿ ತಡವರಿಸಿದರು. ಎದ್ದು ನಿಂತು ನಾನೇ ಎಲ್ಲವನ್ನೂ ಚೊಕ್ಕವಾಗಿ ಹೇಳಿಬಿಡಲೇ ಎಂದು ನನ್ನ ನಾಲಿಗೆ ತುರಿಸಿತು. ಪಕ್ಕದಲ್ಲಿದ್ದ ಕಾರ್ಯದರ್ಶಿ ನನ್ನ ತೋಳಿನ ಮೇಲೆ ಕೈ ಇಟ್ಟಳು. ಕೂತೆ.

ಹಿರಿಯಮ್ಮನ ಸರದಿ ಬಂತು. ಅಧಿಕಾರಿ ಅವರ ಕಾಗದ ಓದಿ ತಲೆಯೆತ್ತಿದರು.

"ಕಟ್ಟುಪಾಡು ಇದೆ ಅಂತ ಬರ್ಸಿದ್ದೀರಿ. ಮುರಿದ್ರೆ ಏನ್ ಮಾಡ್ತೀರಿ ಅಮ್ಮಾ?"

"ಮುರಿದೋಳ್ ಹೊರೇನ ಕರು ಹಾಕಿದ ಮನೆ ಮುಂದೆ ಇಳಿಸ್ಬೇಕು. ಅವತ್ತು ಅವಳ ಹಸಕ್ಕೆ ಒಣಹುಲ್ಲೇ."

"ಯಾರಿಗಾದ್ರೂ ಹಾಗೆ ಮಾಡಿದ್ದೀರಾ?"

"ನನಗೇ ಮಾಡವ್ರೆ. ಎರಡು ಸಲ."

ಸಭಾಂಗಣವೆಲ್ಲ ನಕ್ಕಿತು. ಬೇಲಿ ಬೇಕೆಂದು ಬಂದಿದ್ದ ಅಪಾರ್ಟ್‌ಮೆಂಟಿನವರೂ ನಕ್ಕರು. ಅಧಿಕಾರಿ ನಗುತ್ತಲೇ ಪೆನ್ನು ತೆಗೆದುಕೊಂಡು, ಗುಮಾಸ್ತನಿಗೆ ಹೇಳದೆ ತಾವೇ ಬರೆದುಕೊಂಡರು. ನನ್ನ ಇಷ್ಟು ವರ್ಷದ ಅರ್ಜಿಗಳಲ್ಲಿ ಒಂದಕ್ಕಾದರೂ ಅಧಿಕಾರಿಯೊಬ್ಬರು ಹಾಗೆ ಪೆನ್ನು ತೆಗೆದದ್ದನ್ನು ನಾನು ನೋಡಿಲ್ಲ. ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು.

ಎರಡು ಗಂಟೆಗೆ ಮುಗಿಸಿ ಮೆಟ್ರೋ ಹತ್ತಿದರು. ಹೂವಿನವಳಿಂದ ಕುಡುಗೋಲು ಬಿಡಿಸಿಕೊಂಡು, ಹಾಲು ಕರೆಯುವ ಹೊತ್ತಿಗೆ ಊರಿನಲ್ಲಿದ್ದರು. ದಲ್ಲಾಳಿ ಆ ವಾರವೂ ಬಂದನಂತೆ. ಸರ್ಕಾರದ ಉತ್ತರ ಬರುವವರೆಗೆ ಗಬ್ಬದ ಹಸುವಿನ ಮಾತೆತ್ತಬೇಡ ಎಂದು ಹಿರಿಯಮ್ಮ ಕಳಿಸಿದರಂತೆ.

ಅಂತಿಮ ನಿಯಮ ಹೊರಬಿದ್ದಾಗ ಮಳೆ ಶುರುವಾಗಿತ್ತು. ಕೇಳಿದ್ದೆಲ್ಲ ಸಿಗಲಿಲ್ಲ. ಬೇಲಿ ಬಂತು. ಏರಿಯ ಪಕ್ಕದ ಏಳು ಪಟ್ಟೆಗಳು ನಡೆಯುವ ಹಾದಿಗೆ ಹೋದವು. ಆ ಏಳು ಮನೆಗಳಿಗೆ ಉಳಿದವರು ತಮ್ಮ ಪಟ್ಟೆಯಲ್ಲಿ ಜಾಗ ಮಾಡಿಕೊಡಬೇಕಾಯಿತು. ಆದರೆ ಆರನೆಯ ನಿಯಮ ಬದಲಾಗಿತ್ತು. ಹುಲ್ಲಿಗೆಂದೇ ಎರಡನೆಯ ಗೇಟು, ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು.

ಗೇಟು ತೆರೆದ ಬೆಳಿಗ್ಗೆ ನಾನೂ ಹೋದೆ. ಹಿರಿಯಮ್ಮನ ಹಸು ಮೂರು ದಿನದ ಹಿಂದೆ ಹೆಣ್ಣುಗರು ಹಾಕಿತ್ತು. ಮೊದಲ ಕೊಯ್ಲು ಅವರದು. ಉಳಿದವರು ಗೇಟಿನ ಹೊರಗೆ ಕಾದು ನಿಂತಿದ್ದರು. ಹೊಸ ನಿಯಮ ಬರೆದು ನೆಟ್ಟ ಬೋರ್ಡಿನ ಮುಂದೆ ನಿಂತು ಹಿರಿಯಮ್ಮ ನನ್ನನ್ನು ಕರೆದರು.

"ಓದಿ ಸಾಬ್ರೇ."

ಓದಿದೆ. ಪಟ್ಟೆಯ ಎಲ್ಲೆ ಮೀರಬಾರದು. ಕರು ಹಾಕಿದ ಹಸುವಿರುವ ಮನೆಗೆ ಇಪ್ಪತ್ತೊಂದು ದಿನ ಮೊದಲ ಕೊಯ್ಲು. ಅಕ್ಷರ ಸರ್ಕಾರದ್ದು, ಮಾತು ಅವರದು.

"ಅಷ್ಟೇನಾ?"

"ಅಷ್ಟೇ ಅಮ್ಮ."

"ನೀರುಕೋಳೀದು?"

ಮತ್ತೊಮ್ಮೆ ಮೇಲಿನಿಂದ ಕೆಳಗೆ ನೋಡಿದೆ. ಇರಲಿಲ್ಲ. ಗೇಟಿನ ಕಾವಲುಗಾರ, "ಮುಂದಿನ ವಾರ ಜೊಂಡು ತೆಗೆಯೋಕೆ ಮಿಷನ್ ಬರತ್ತೆ. ಕಂಟ್ರಾಕ್ಟ್ ಆಗಿದೆ" ಎಂದ.

ಹಿರಿಯಮ್ಮ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಗೇಟು ತೆರೆದೇ ಇತ್ತು. ಒಳಗೆ ಅವರ ಪಟ್ಟೆಯ ಹುಲ್ಲು ಮೊಣಕಾಲುದ್ದ ನಿಂತಿತ್ತು. ಅವರು ಒಳಗೆ ಹೋಗಲಿಲ್ಲ. ಹೊರಗಿನ ಕಲ್ಲಿನ ಮೇಲೆ ಕೂತರು.

"ನಮ್ದಾಯ್ತು. ಅವುಗಳ್ದು ಯಾರ್ ಹೇಳ್ಬೇಕು? ಬರ್ಕಳಿ."

ಚೀಲದಿಂದ ನೋಟುಪುಸ್ತಕ ತೆಗೆದೆ. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಮುಗಿದ ಮೇಲೆ ಓದಿ ಹೇಳಿ ಎಂದರು. ಓದಿದೆ. ಒಂದು ಕಡೆ ತಡೆದು, "ನಾನ್ ಹಂಗನ್ಲಿಲ್ಲ" ಎಂದರು. ಆ ಸಾಲು ಹೊಡೆದು ಹಾಕಿ, ಅವರು ಅಂದ ಹಾಗೆ ಬರೆದೆ.